ಪುಸ್ತಕ ತೆಗೆದು ಲ್ಯಾಪ್‌ಟಾಪ್ ಕೊಡುವುದು ನಮಗೆ ಲಾಭವಲ್ಲ

ಹೈಸ್ಕೂಲಿನ ಮಕ್ಕಳಿಗೆ ಇನ್ನು ಪಠ್ಯಪುಸ್ತಕದ ಕಟ್ಟು ಯಾಕೆ, ಒಂದೊಂದು ಲ್ಯಾಪ್‌ಟಾಪ್ ಕೊಟ್ಟರೆ ಮುಗಿಯಿತಲ್ಲ ಎಂಬ ಮಾತು ನಮ್ಮ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಈಗ ಸಲೀಸಾಗಿ ಕೇಳಿಬರುತ್ತಿದೆ. ಮದುವೆ ಹಾಲಿನ ಊಟದ ಮೇಜಿನಲ್ಲಿ ಕೇಳಿದ್ದೇನೆ, ಪಿ.ಟಿ.ಎ. ಸಭೆಯಲ್ಲಿ ಕೇಳಿದ್ದೇನೆ, ಗಲ್ಫ್‌ನಿಂದ ರಜೆಯಲ್ಲಿ ಬಂದ ಉಪ್ಪಂದಿರ ಬಾಯಲ್ಲೂ ಕೇಳಿದ್ದೇನೆ. ಹೇಳುವವರು ಕೆಟ್ಟವರಲ್ಲ. ಮಕ್ಕಳು ಮುಂದೆ ಬರಲಿ ಎಂದೇ ಹೇಳುತ್ತಾರೆ. ಆದರೆ ಮಾತು ತಪ್ಪು. ಕನ್ನಡ ಮೀಡಿಯಂನಲ್ಲಿ ಓದುವ ಬ್ಯಾರಿ ಮಕ್ಕಳಿಗಂತೂ ಅದು ಬೇರೆಯವರಿಗಿಂತ ಹೆಚ್ಚು ಹಾನಿ ಮಾಡುವ ಮಾತು. ಯಾಕೆ ಎಂದು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲೇ ಒಂದು ವಿಷಯ. ನಾನು ಯಂತ್ರ ಕಂಡರೆ ಓಡುವವನಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ಕನ್ನಡ ಮೀಡಿಯಂ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದ್ದೇನೆ. ಮಾನ್ಸೂನ್ ಗಾಳಿ ಹೇಗೆ ಬೀಸುತ್ತದೆ, ಅರಬರ ಹಡಗು ಯಾವ ತಿಂಗಳು ನಮ್ಮ ಕರಾವಳಿಗೆ ಬಂದು ಯಾವ ತಿಂಗಳು ವಾಪಸು ಹೋಗುತ್ತಿತ್ತು ಎಂಬುದನ್ನು ಗೋಡೆಯ ಮೇಲಿನ ಚಲಿಸುವ ನಕ್ಷೆಯಲ್ಲಿ ತೋರಿಸಿದರೆ ಐದು ನಿಮಿಷದಲ್ಲಿ ತಲೆಗೆ ಹೋಗುತ್ತದೆ. ಕರಿಹಲಗೆಯಲ್ಲಿ ಅದಕ್ಕೆ ಎರಡು ಪೀರಿಯಡ್ ಬೇಕು. ಇದನ್ನು ನಾನೇ ಎಲ್ಲ ಕಡೆ ಹೇಳಿಕೊಂಡು ಬಂದವನು. ನನ್ನ ತಕರಾರು ಲ್ಯಾಪ್‌ಟಾಪಿನ ಮೇಲಲ್ಲ, ‘ಬದಲಿಗೆ’ ಎಂಬ ಒಂದು ಶಬ್ದದ ಮೇಲೆ. ಪುಸ್ತಕದ ಜೊತೆಗೆ ಲ್ಯಾಪ್‌ಟಾಪ್ ಎಂದರೆ ನಾನು ಎರಡು ಕೈ ಎತ್ತುತ್ತೇನೆ. ಪುಸ್ತಕದ ಬದಲಿಗೆ ಎಂದರೆ ಅಡ್ಡ ನಿಲ್ಲುತ್ತೇನೆ.

ನಮ್ಮ ರಾಜ್ಯದ ಲೆಕ್ಕ ಮೊದಲು ನೋಡೋಣ. ಕೇರಳ ಈ ವಿಷಯದಲ್ಲಿ ಹಿಂದೆ ಬಿದ್ದ ರಾಜ್ಯ ಅಲ್ಲವೇ ಅಲ್ಲ. 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾಯಿತು. 2017ರಲ್ಲಿ ಅದೇ ಕೈಟ್ ಎಂಬ ಕಂಪೆನಿಯಾಯಿತು. 2018ರಿಂದ 4,752 ಶಾಲೆಗಳ 45,000 ತರಗತಿ ಕೋಣೆಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಬಂತು, ಎಂಟರಿಂದ ಹನ್ನೆರಡನೇ ತರಗತಿಯವರೆಗೆ. ಹೈಸ್ಕೂಲುಗಳಲ್ಲಿ ಲಿಟ್ಲ್ ಕೈಟ್ಸ್ ಎಂಬ ಮಕ್ಕಳ ಐಟಿ ಕ್ಲಬ್ಬುಗಳಾದವು. ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಬಿಟ್ಟು ಲಿನಕ್ಸ್ ಹಾಕಿದರು. ಇದೆಲ್ಲ ಒಳ್ಳೆಯ ಕೆಲಸ, ಹೊಗಳಬೇಕಾದ ಕೆಲಸ. ಆದರೆ ಗಮನಿಸಿ: ಇಷ್ಟೆಲ್ಲ ಮಾಡಿದ ಕೇರಳವೂ ಪುಸ್ತಕ ನಿಲ್ಲಿಸಲಿಲ್ಲ. ಕಾಕ್ಕನಾಡಿನ ಸರಕಾರಿ ಪ್ರೆಸ್ಸಿನಲ್ಲಿ ಪಠ್ಯಪುಸ್ತಕ ಇವತ್ತಿಗೂ ಅಚ್ಚಾಗುತ್ತದೆ. ಯಂತ್ರ ತರಗತಿಗೆ, ಪುಸ್ತಕ ಮಗುವಿನ ಕೈಗೆ ಎಂಬುದೇ ಆ ಯೋಜನೆಯ ಲೆಕ್ಕಾಚಾರ. ‘ಕೇರಳ ಡಿಜಿಟಲ್ ಆಯಿತು, ಇನ್ನು ಪುಸ್ತಕ ಯಾಕೆ’ ಎನ್ನುವವರು ಆ ಯೋಜನೆಯನ್ನೇ ಸರಿಯಾಗಿ ನೋಡಿಲ್ಲ.

ಹಾಗಾದರೆ ಹೆದರಿಕೆ ಎಂತದ್ದು ಎಂದು ನೀವು ಕೇಳಬಹುದು. ಪುಸ್ತಕ ನಿಲ್ಲಿಸುತ್ತೇವೆ ಎಂದು ಯಾರೂ ಆದೇಶ ಹೊರಡಿಸುವುದಿಲ್ಲ. ಅದು ಸದ್ದಿಲ್ಲದೆ ಆಗುವ ಕೆಲಸ. ಜೂನ್‌ನಲ್ಲಿ ಶಾಲೆ ತೆರೆಯುತ್ತದೆ. ಮಲಯಾಳ ಪುಸ್ತಕ ಬಂದಿರುತ್ತದೆ. ಕನ್ನಡದ್ದು ಅನುವಾದ ಆಗಬೇಕು, ತಿದ್ದಬೇಕು, ಆಮೇಲೆ ಅಚ್ಚಾಗಬೇಕು. ನಮ್ಮ ತರಗತಿಗೆ ಕೆಲವು ವಿಷಯಗಳ ಪುಸ್ತಕ ತಡವಾಗಿ ಬಂದ ವರ್ಷಗಳನ್ನು ನಾನು ಕಂಡಿದ್ದೇನೆ. ಮೊದಲೆಲ್ಲ ಹಾಗೆ ಆದರೆ ಗಲಾಟೆ ಆಗುತ್ತಿತ್ತು, ಮನವಿ ಹೋಗುತ್ತಿತ್ತು, ಪತ್ರಿಕೆಯಲ್ಲಿ ಬರುತ್ತಿತ್ತು. ಈಗ ಒಂದು ಸುಲಭದ ಉತ್ತರ ಸಿದ್ಧವಿದೆ: ‘ಪಿಡಿಎಫ್ ಉಂಟಲ್ಲ ಮಾಷ್ಟ್ರೇ, ಡೌನ್‌ಲೋಡ್ ಮಾಡಿ.’ ಈ ಉತ್ತರಕ್ಕೆ ನಾವು ತಲೆ ಆಡಿಸಿದ ದಿನದಿಂದ ಕನ್ನಡ ಪುಸ್ತಕವನ್ನು ಸಮಯಕ್ಕೆ ಅಚ್ಚು ಮಾಡುವ ಅವಸರ ಯಾರಿಗೂ ಇರುವುದಿಲ್ಲ. ಮಕ್ಕಳ ಕೈಯಲ್ಲಿ ಲ್ಯಾಪ್‌ಟಾಪ್ ಬಂತೋ, ಆ ಉತ್ತರಕ್ಕೆ ಇನ್ನಷ್ಟು ಬಲ. ಸಣ್ಣ ಸಂಖ್ಯೆಯ ಭಾಷೆಯ ಪುಸ್ತಕವೇ ಮೊದಲು ನಿಲ್ಲುವುದು. ಲಕ್ಷಗಟ್ಟಲೆ ಮಕ್ಕಳಿಗೆ ಅಚ್ಚಾಗುವ ಮಲಯಾಳದ್ದು ನಿಲ್ಲುವುದಿಲ್ಲ, ಒಂದು ಜಿಲ್ಲೆಯ ಮೂಲೆಯ ಕೆಲವು ಶಾಲೆಗಳಿಗೆ ಅಚ್ಚಾಗುವ ನಮ್ಮದು ನಿಲ್ಲುತ್ತದೆ.

ಇನ್ನು ಓದಿನ ವಿಷಯ. ಪರದೆಯ ಮೇಲೆ ಓದಿದರೂ ಅಕ್ಷರ ಅದೇ, ಅರ್ಥ ಅದೇ, ವ್ಯತ್ಯಾಸ ಎಂತದ್ದು ಎನ್ನುತ್ತಾರೆ. ವ್ಯತ್ಯಾಸ ಉಂಟು, ಅದನ್ನು ಅಳೆದಿದ್ದಾರೆ. 2000ದಿಂದ 2017ರವರೆಗೆ ನಡೆದ 54 ಅಧ್ಯಯನಗಳನ್ನು ಒಟ್ಟು ಹಾಕಿ 2018ರಲ್ಲಿ ಸ್ಪೇನ್ ಮತ್ತು ಇಸ್ರೇಲಿನ ಸಂಶೋಧಕರು ಲೆಕ್ಕ ಹಾಕಿದರು. ಓದಿದವರ ಸಂಖ್ಯೆ 1,70,000ಕ್ಕೂ ಮೇಲೆ. ಕಾಗದದಲ್ಲಿ ಓದಿದವರಿಗೆ ವಿಷಯ ಹೆಚ್ಚು ಅರ್ಥವಾಗಿತ್ತು. ಕತೆ ಓದುವಾಗ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಮಾಹಿತಿ ಇರುವ ಪಾಠ ಓದುವಾಗ, ಅದರಲ್ಲೂ ಸಮಯದ ಮಿತಿ ಇಟ್ಟು ಓದುವಾಗ, ಪರದೆ ಹಿಂದೆ ಬಿತ್ತು. ಹೈಸ್ಕೂಲಿನ ವಿಜ್ಞಾನ, ಚರಿತ್ರೆ, ಭೂಗೋಳ ಎಂದರೆ ಮಾಹಿತಿಯ ಪಾಠವೇ ತಾನೆ? ಎಸ್ಸೆಸ್ಸೆಲ್ಸಿ ಎಂದರೆ ಸಮಯದ ಮಿತಿಯೇ ತಾನೆ? ಇನ್ನೂ ಒಂದು ಮಾತು: ಹುಡುಗರು ಪರದೆಗೆ ಅಭ್ಯಾಸವಾದ ಹಾಗೆ ಈ ವ್ಯತ್ಯಾಸ ಕಡಿಮೆಯಾಗಬೇಕಿತ್ತು. ವರ್ಷ ಕಳೆದ ಹಾಗೆ ಅದು ಹೆಚ್ಚೇ ಆಗಿತ್ತು.

ನನಗೆ ಇದು ಆಶ್ಚರ್ಯ ತರಲಿಲ್ಲ. ತರಗತಿಯಲ್ಲಿ ನಿಂತವರಿಗೆಲ್ಲ ಗೊತ್ತು. 1857ರ ದಂಗೆಗೆ ಕಾರಣಗಳು ಯಾವುವು ಎಂದು ಕೇಳಿದರೆ, ಪುಸ್ತಕ ಓದಿದ ಮಗು ಕಣ್ಣು ಮುಚ್ಚಿ ನೆನಪು ಮಾಡುತ್ತದೆ: ಎಡಗಡೆಯ ಪುಟ, ಚಿತ್ರದ ಕೆಳಗೆ, ಪೆನ್ಸಿಲಿನಿಂದ ಗೀಟು ಹಾಕಿದ ಸಾಲು. ಮಾತಿಗೆ ಒಂದು ಜಾಗ ಉಂಟು. ಪರದೆಯಲ್ಲಿ ಬೆರಳಿನಿಂದ ಮೇಲೆ ತಳ್ಳಿದ ಮಾತಿಗೆ ಜಾಗವಿಲ್ಲ. ಮದ್ರಸದಲ್ಲಿ ಕಿತಾಬು ಓದಿ ಬೆಳೆದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಾಯಿಪಾಠ ಮಾಡಿದವನಿಗೆ ಆಯತ್ ಮಾತ್ರವಲ್ಲ, ಅದು ಯಾವ ಪುಟದ ಯಾವ ಮೂಲೆಯಲ್ಲಿ ಇತ್ತು ಎಂಬುದೂ ನೆನಪಿರುತ್ತದೆ.

ಬೇರೆ ದೇಶಗಳು ಈ ದಾರಿ ಹಿಡಿದು ಎಲ್ಲಿಗೆ ಹೋದವು ಎಂದು ನೋಡುವುದೂ ಒಳ್ಳೆಯದು. 2005ರಲ್ಲಿ ಅಮೆರಿಕದ ಎಂಐಟಿಯ ನಿಕೊಲಸ್ ನೆಗ್ರೊಪೊಂಟೆ ಬಡ ದೇಶಗಳ ಪ್ರತಿ ಮಗುವಿಗೊಂದು ಲ್ಯಾಪ್‌ಟಾಪ್ ಎಂದು ಹೊರಟರು, ನೂರು ಡಾಲರ್ ಬೆಲೆಗೆ. ಪೆರು ದೇಶ ದೊಡ್ಡ ಮಟ್ಟದಲ್ಲಿ ಕೊಂಡಿತು. ಅಲ್ಲಿನ 319 ಹಳ್ಳಿ ಶಾಲೆಗಳನ್ನು ಪರೀಕ್ಷಿಸಿ 2012ರಲ್ಲಿ ವರದಿ ಬಂತು: ಕಂಪ್ಯೂಟರ್ ಬಳಕೆ ಹೆಚ್ಚಾಯಿತು, ಸಾಮಾನ್ಯ ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಸ್ವಲ್ಪ ಏರಿಕೆ ಕಂಡಿತು, ಆದರೆ ಗಣಿತದಲ್ಲೂ ಭಾಷೆಯಲ್ಲೂ ಮಕ್ಕಳು ಮುಂದೆ ಹೋಗಲಿಲ್ಲ. 2015ರಲ್ಲಿ ಒಇಸಿಡಿ ಹೇಳಿದ್ದೂ ಅದೇ, ಶಾಲೆಯ ಕಂಪ್ಯೂಟರಿಗೆ ಹೆಚ್ಚು ಖರ್ಚು ಮಾಡಿದ ದೇಶಗಳ ಮಕ್ಕಳು ಓದು, ಗಣಿತ, ವಿಜ್ಞಾನದಲ್ಲಿ ಹೇಳಿಕೊಳ್ಳುವಂತೆ ಏರಿಲ್ಲ. ಇವು ಬಡ ದೇಶದ ಕತೆ, ಹಳೆ ಕತೆ ಎನ್ನುವವರಿಗೆ ಸ್ವೀಡನ್ ಉಂಟು. ಮೊದಲೇ ಪರದೆಗೆ ಹೋದ ಶ್ರೀಮಂತ ದೇಶ ಅದು. 2023ರಲ್ಲಿ ಅಲ್ಲಿನ ಸರಕಾರವೇ ತಿರುಗಿ ನಿಂತು, ಶಾಲೆಗಳಿಗೆ ಅಚ್ಚಿನ ಪುಸ್ತಕ ಕೊಳ್ಳಲು ಆ ಒಂದೇ ವರ್ಷಕ್ಕೆ 68.5 ಕೋಟಿ ಕ್ರೋನರ್ ಇಟ್ಟಿತು. ದಕ್ಷಿಣ ಕೊರಿಯ 2025ರ ಮಾರ್ಚ್‌ನಲ್ಲಿ ಕೃತಕ ಬುದ್ಧಿಮತ್ತೆಯ ಡಿಜಿಟಲ್ ಪಠ್ಯಪುಸ್ತಕ ತಂದಿತು. ತಂದೆತಾಯಂದಿರೂ ಶಿಕ್ಷಕರೂ ವಿರೋಧಿಸಿದರು. ಆಗಸ್ಟ್‌ನಲ್ಲಿ ಅಲ್ಲಿನ ಪಾರ್ಲಿಮೆಂಟು ಅದಕ್ಕೆ ಪಠ್ಯಪುಸ್ತಕ ಎಂಬ ಸ್ಥಾನವನ್ನೇ ತೆಗೆದು, ಬೇಕಾದರೆ ಬಳಸುವ ಸಾಮಗ್ರಿ ಎಂದು ಇಳಿಸಿತು. ಸ್ಯಾಮ್‌ಸಂಗ್, ಎಲ್‌ಜಿ ತಯಾರಿಸುವ ದೇಶಕ್ಕೇ ಬೇಡವಾದದ್ದು ನಮಗೆ ತುರ್ತಾಗಿ ಬೇಕೇ?

ಈವರೆಗೆ ಹೇಳಿದ್ದು ಎಲ್ಲ ಮಕ್ಕಳಿಗೂ ಸೇರಿದ ಮಾತು. ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ.

ಗಡಿಯ ಈಚೆಯ ಬ್ಯಾರಿ ಮಗುವಿನ ನಾಲಗೆಯ ಲೆಕ್ಕ ನೋಡಿ. ಮನೆಯಲ್ಲಿ ಬ್ಯಾರಿ. ಬೆಳಗ್ಗೆ ಮದ್ರಸದಲ್ಲಿ ಅರಬಿ. ಅಂಗಡಿ, ಬಸ್ಸು, ಪಂಚಾಯತ್ ಆಫೀಸಿನಲ್ಲಿ ಮಲಯಾಳ. ನೆರೆಮನೆಯಲ್ಲಿ ತುಳು. ಮೊಬೈಲಿನಲ್ಲಿ ಇಂಗ್ಲಿಷ್, ಹಿಂದಿ. ಇಷ್ಟರಲ್ಲಿ ಕನ್ನಡ ಎಲ್ಲಿ ಉಂಟು? ಶಾಲೆಯಲ್ಲಿ, ಪಠ್ಯಪುಸ್ತಕದಲ್ಲಿ. ಎಷ್ಟೋ ಮನೆಗಳಲ್ಲಿ ಕನ್ನಡ ಅಕ್ಷರ ಅಚ್ಚಾಗಿರುವ ಕಾಗದ ಎಂದರೆ ಮಗುವಿನ ಬ್ಯಾಗಿನಲ್ಲಿ ಇರುವುದು ಮಾತ್ರ. ಪೇಪರ್ ತರಿಸುವುದು ನಿಂತು ಎಷ್ಟೋ ಕಾಲವಾಯಿತು. ಆ ಬ್ಯಾಗಿನಿಂದ ಪುಸ್ತಕ ತೆಗೆದಿರಾ, ಮನೆಯಿಂದ ಕನ್ನಡವನ್ನೇ ತೆಗೆದ ಹಾಗೆ.

ಹೋದರೆ ಹೋಗಲಿ, ಕನ್ನಡ ನಮ್ಮ ಮನೆಭಾಷೆ ಅಲ್ಲವಲ್ಲ ಎನ್ನುವವರು ಉಂಟು. ಅವರಿಗೆ ಒಂದೇ ಪ್ರಶ್ನೆ: ಬ್ಯಾರಿಯನ್ನು ನಾವು ಯಾವ ಅಕ್ಷರದಲ್ಲಿ ಬರೆಯುತ್ತೇವೆ? ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ 2007ರಲ್ಲಿ ಆದ ಮೇಲೆ ಬಂದ ಕವನ ಸಂಕಲನ, ಕತೆ, ಗಾದೆಯ ಸಂಗ್ರಹ ಹೆಚ್ಚಿನವೂ ಕನ್ನಡ ಲಿಪಿಯಲ್ಲೇ ಇವೆ. ನೀವು ಈಗ ಓದುತ್ತಿರುವ ಈ ಜಾಗದಲ್ಲಿ ಬರುವ ಬ್ಯಾರಿ ಬರಹವೂ ಕನ್ನಡ ಲಿಪಿಯಲ್ಲೇ. ನಂಡೆ ಮಕ್ಕಳಿಗೆ ಕನ್ನಡ ಅಕ್ಷರ ಓಡದಿದ್ದರೆ ಉಮ್ಮನ ಭಾಷೆಯಲ್ಲಿ ಬರೆದದ್ದನ್ನೂ ಅವರು ಓದಲಾರರು. ಗಡಿಯ ಆಚೆ ಮಂಗಳೂರಿನಲ್ಲಿ ಇರುವ ನೆಂಟರ ಮದುವೆ ಕಾಗದವನ್ನೂ ಓದಲಾರರು. 1956ರಲ್ಲಿ ರಾಜ್ಯದ ಗೆರೆ ಎಳೆದವರು ನಮ್ಮನ್ನು ಕೇಳಲಿಲ್ಲ. ಆದರೆ ಆ ಗೆರೆಯನ್ನು ಮಕ್ಕಳ ತಲೆಯೊಳಗೂ ಎಳೆಯಬೇಕೋ ಬೇಡವೋ ಎಂಬುದು ನಮ್ಮ ಕೈಯಲ್ಲೇ ಉಂಟು.

ಲ್ಯಾಪ್‌ಟಾಪಿನಲ್ಲೂ ಕನ್ನಡ ಓದಬಹುದಲ್ಲ ಎಂದರೆ, ಓದಬಹುದು. ಆದರೆ ಆ ಯಂತ್ರ ತೆರೆದುಕೊಳ್ಳುವುದು ಕನ್ನಡದಲ್ಲಿ ಅಲ್ಲ. ಕೀಬೋರ್ಡಿನ ಮೇಲೆ ಕನ್ನಡ ಅಕ್ಷರ ಇಲ್ಲ. ಹುಡುಕಿದರೆ ಮೊದಲು ಸಿಗುವುದು ಇಂಗ್ಲಿಷ್ ಪುಟ, ಆಮೇಲೆ ಮಲಯಾಳ ವಿಡಿಯೊ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪಾಠ ಸಿಕ್ಕಿದರೆ ಅದರಲ್ಲಿ ಒಂದು ಶಬ್ದ ಹುಡುಕಲೂ ಆಗುವುದಿಲ್ಲ. ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಅಕ್ಷರವೆಲ್ಲ ಇಂಗ್ಲಿಷಿನ ಚಿಂದಿಯಾಗುತ್ತದೆ. ಕಣ್ಣು ಕಾಣದ ಮಗುವಿಗೆ ಓದಿ ಹೇಳುವ ಸಾಫ್ಟ್‌ವೇರಿಗೂ ಅದು ಓದಲು ಬಾರದು. ಹದಿಮೂರು ವರ್ಷದ ಮಗು ಎಷ್ಟು ದಿನ ಕನ್ನಡಕ್ಕೆ ಹಟ ಹಿಡಿದೀತು? ಸುಲಭವಾಗಿ ಸಿಗುವ ಕಡೆಗೆ ಹೋಗುತ್ತದೆ. ಮಕ್ಕಳ ತಪ್ಪಲ್ಲ ಅದು.

ಇನ್ನು ನಮ್ಮ ಉಮ್ಮಂದಿರ ವಿಷಯ. ಎಷ್ಟೋ ಉಮ್ಮಂದಿರು ಐದೋ ಏಳೋ ಓದಿ ನಿಲ್ಲಿಸಿದವರು. ಮಡಿಲಲ್ಲಿ ಬೀಡಿ ಎಲೆ ಇಟ್ಟುಕೊಂಡು ಕೈಯಲ್ಲಿ ಬೀಡಿ ಸುತ್ತುತ್ತಾ, ಮಗ ಗಟ್ಟಿಯಾಗಿ ಓದುವುದನ್ನು ಕಿವಿಯಲ್ಲಿ ಕೇಳಿಯೇ ಮಕ್ಕಳನ್ನು ಪಾಸು ಮಾಡಿಸಿದವರು. ಅವರಿಗೆ ಪುಸ್ತಕದ ಮೇಲೆ ಅಧಿಕಾರ ಉಂಟು. ‘ನಿನ್ನೆ ಇದೇ ಪುಟ ಇತ್ತು, ಇವತ್ತೂ ಇದೇ ಪುಟವಾ?’ ಎಂದು ಕೇಳಬಲ್ಲರು. ಪುಸ್ತಕ ಮುಚ್ಚಿ ‘ಈಗ ಹೇಳು’ ಎನ್ನಬಲ್ಲರು. ಲ್ಯಾಪ್‌ಟಾಪಿನ ಎದುರು ಕೂತ ಮಗ ಪಾಠ ನೋಡುತ್ತಿದ್ದಾನೋ ಗೇಮ್ ಆಡುತ್ತಿದ್ದಾನೋ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಪುಸ್ತಕ ತೆಗೆದರೆ ಉಮ್ಮನನ್ನು ಮನೆಯೊಳಗಿನ ಶಾಲೆಯಿಂದ ಹೊರಗೆ ಹಾಕಿದಂತೆ. ಉಪ್ಪ ದುಬೈಯಲ್ಲೋ ದಮ್ಮಾಮಿನಲ್ಲೋ ಇರುವ ಮನೆಯಲ್ಲಿ ಉಮ್ಮ ಹೊರಗಾದರೆ ಒಳಗೆ ಉಳಿಯುವವರು ಯಾರು?

ಹೆಣ್ಣುಮಕ್ಕಳ ಮಾತನ್ನೂ ಹೇಳಿಯೇಬಿಡುತ್ತೇನೆ, ಕೆಲವರಿಗೆ ಸಿಟ್ಟು ಬಂದರೂ ಸರಿ. 2020ರ ಜೂನ್ 1ರಂದು ಕೈಟ್ ವಿಕ್ಟರ್ಸ್ ಚಾನೆಲ್ಲಿನಲ್ಲಿ ಫಸ್ಟ್ ಬೆಲ್ ತರಗತಿ ಶುರುವಾದಾಗ ನಮ್ಮ ಮನೆಗಳಲ್ಲಿ ನಡೆದದ್ದು ನೆನಪಿದೆಯೇ? ಒಂದು ಮನೆ, ಮೂವರು ಮಕ್ಕಳು, ಒಂದು ಫೋನು. ಫೋನು ಮೊದಲು ಅಣ್ಣನಿಗೆ, ಆಮೇಲೆ ತಮ್ಮನಿಗೆ, ರಾತ್ರಿ ಚಾರ್ಜ್ ಉಳಿದರೆ ಹುಡುಗಿಗೆ. ಆ ದಿನಗಳಲ್ಲಿ ನನ್ನ ತರಗತಿಯ ಹುಡುಗಿಯರನ್ನು ಓದಿನಲ್ಲಿ ಉಳಿಸಿದ್ದು ಅವರ ಹೆಸರು ಬರೆದು ಬೈಂಡ್ ಹಾಕಿದ ಪುಸ್ತಕ. ಅಣ್ಣ ಅದನ್ನು ಕಸಿದುಕೊಳ್ಳುವುದಿಲ್ಲ, ಅವನಿಗೆ ಅದು ಬೇಡ. ಲ್ಯಾಪ್‌ಟಾಪ್ ಎಲ್ಲರಿಗೂ ಬೇಕು. ಎಲ್ಲರಿಗೂ ಬೇಕಾದ ವಸ್ತು ನಮ್ಮ ಮನೆಗಳಲ್ಲಿ ಹುಡುಗಿಗೆ ಕೊನೆಗೆ ಸಿಗುತ್ತದೆ. ನಾಳೆ ಶಾಲೆಯೇ ಅವಳ ಹೆಸರಿಗೆ ಲ್ಯಾಪ್‌ಟಾಪ್ ಕೊಟ್ಟರೂ ಸಂಜೆ ಅದು ಯಾರ ಕೋಣೆಯಲ್ಲಿ ಇರುತ್ತದೆ ಎಂದು ಪ್ರಾಮಾಣಿಕವಾಗಿ ಹೇಳಿ.

ಎದುರು ವಾದ ಮಾಡುವವರ ಮೂರು ಮಾತಿಗೆ ಉತ್ತರ ಕೊಡಬೇಕು.

ಬ್ಯಾಗು ಭಾರ ಎನ್ನುತ್ತಾರೆ. ನಿಜ. ಮಗುವಿನ ತೂಕದ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಬ್ಯಾಗು ಇರಬಾರದು ಎಂದು 2020ರ ಕೇಂದ್ರದ ಸ್ಕೂಲ್ ಬ್ಯಾಗ್ ನೀತಿಯೇ ಹೇಳುತ್ತದೆ. ಅದಕ್ಕೆ ಮದ್ದು ಪುಸ್ತಕವನ್ನು ಭಾಗ ಮಾಡುವುದು, ಟೈಮ್‌ಟೇಬಲ್ ಸರಿ ಮಾಡುವುದು, ತರಗತಿಯಲ್ಲಿ ಕಪಾಟು ಇಡುವುದು. ಲ್ಯಾಪ್‌ಟಾಪಿಗೂ ಚಾರ್ಜರಿಗೂ ಸೇರಿ ಎರಡು ಕಿಲೋ ಹತ್ತಿರ ತೂಕ ಉಂಟು, ಅದನ್ನು ಗಾಳಿಯಲ್ಲಿ ತೇಲಿಸಿಕೊಂಡು ಹೋಗಲಾಗುವುದಿಲ್ಲ.

ಪುಸ್ತಕಕ್ಕೂ ಖರ್ಚು ಉಂಟು ಎನ್ನುತ್ತಾರೆ. ಉಂಟು, ಆದರೆ ಹತ್ತನೇ ತರಗತಿಯ ಪುಸ್ತಕವೆಲ್ಲ ಸೇರಿ ಕೆಲವು ನೂರು ರೂಪಾಯಿ. ತಕ್ಕಮಟ್ಟಿನ ಲ್ಯಾಪ್‌ಟಾಪಿಗೆ ಹತ್ತಾರು ಸಾವಿರ. ಅಕ್ಕ ಓದಿದ ಪುಸ್ತಕ ತಂಗಿಗೆ, ತಂಗಿಯದ್ದು ನೆರೆಮನೆಯ ಹುಡುಗಿಗೆ ಆಗುತ್ತದೆ. ನಮ್ಮ ಕಡಲ ಬದಿಯ ಉಪ್ಪು ಗಾಳಿಯಲ್ಲಿ, ಜೂನ್ ಜುಲೈಯ ತೇವದಲ್ಲಿ ಲ್ಯಾಪ್‌ಟಾಪ್ ಎಷ್ಟು ವರ್ಷ ಬಾಳುತ್ತದೆ? ಬ್ಯಾಟರಿ ಹೋದರೆ ಯಾರು ಹಾಕಿಸಿಕೊಡುತ್ತಾರೆ? ಮಳೆಗಾಲದಲ್ಲಿ ಒಂದು ತೆಂಗಿನ ಮಡಲು ಲೈನಿನ ಮೇಲೆ ಬಿದ್ದರೆ ಊರಿಗೇ ಕರೆಂಟ್ ಇಲ್ಲ. ಪುಸ್ತಕಕ್ಕೆ ಚಾರ್ಜ್ ಬೇಡ, ಒಂದು ಮೊಂಬತ್ತಿ ಸಾಕು.

ಲ್ಯಾಪ್‌ಟಾಪ್ ಬಾರದವನು ಮುಂದೆ ಕೆಲಸಕ್ಕೆ ಬಾರ ಎನ್ನುತ್ತಾರೆ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದಕ್ಕೇ ಶಾಲೆಯಲ್ಲಿ ಅದನ್ನು ಕಲಿಸಬೇಕು: ಜಿಯೊಜೀಬ್ರದಲ್ಲಿ ರೇಖಾಗಣಿತ, ಲೆಕ್ಕದ ಹಾಳೆ, ಪ್ರೋಗ್ರಾಂ ಬರೆಯುವುದು, ಯೂನಿಕೋಡಿನಲ್ಲಿ ಕನ್ನಡ ಟೈಪಿಂಗ್, ಸುಳ್ಳು ಸುದ್ದಿಯನ್ನು ಪರೀಕ್ಷಿಸುವುದು. ಆದರೆ ಲ್ಯಾಪ್‌ಟಾಪ್ ಕಲಿಯುವುದು ಬೇರೆ, ಚರಿತ್ರೆಯ ಪಾಠವನ್ನು ಲ್ಯಾಪ್‌ಟಾಪಿನಲ್ಲಿ ಓದುವುದು ಬೇರೆ. ಪಿಡಿಎಫ್ ತಿರುಗಿಸಿದ ಮಾತ್ರಕ್ಕೆ ಯಾರೂ ಎಂಜಿನಿಯರ್ ಆಗುವುದಿಲ್ಲ. ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಹಾಲಿನಲ್ಲಿ ಮಗುವಿನ ಕೈಗೆ ಕೊಡುವುದು ಕಾಗದ ಮತ್ತು ಎರಡೂವರೆ ಗಂಟೆ. ಅದಕ್ಕೆ ಮೊದಲು ಹದಿನೈದು ನಿಮಿಷ ಸುಮ್ಮನೆ ಕೂತು ಪ್ರಶ್ನೆ ಓದಬೇಕು. ವರ್ಷವಿಡೀ ಪರದೆ ತಳ್ಳಿದ ಬೆರಳಿಗೆ ಆ ಹದಿನೈದು ನಿಮಿಷವೇ ದೊಡ್ಡ ಶಿಕ್ಷೆ.

ಹಾಗಾದರೆ ನಾವು ಎಂತ ಕೇಳಬೇಕು? ಬರುವ ಪಿ.ಟಿ.ಎ. ಸಭೆಯಲ್ಲಿ ನಾಲ್ಕು ಮಾತು ಬರೆಸಿ. ಒಂದು, ಕನ್ನಡ ಪುಸ್ತಕ ಮಲಯಾಳ ಪುಸ್ತಕದ ಜೊತೆಗೇ, ಶಾಲೆ ತೆರೆಯುವ ದಿನ ಮಕ್ಕಳ ಕೈಗೆ ಬರಬೇಕು, ಪಿಡಿಎಫ್ ಅದಕ್ಕೆ ಬದಲಿ ಅಲ್ಲ. ಎರಡು, ಡಿಜಿಟಲ್ ಪಾಠ ಮಲಯಾಳದಲ್ಲಿ ಇರುವಷ್ಟೇ ಕನ್ನಡದಲ್ಲೂ ಇರಬೇಕು, ಯೂನಿಕೋಡಿನಲ್ಲೇ ಇರಬೇಕು. ಮೂರು, ಶಾಲೆಯ ಲ್ಯಾಬಿನಲ್ಲಿ ಹುಡುಗಿಯರಿಗೆ ಅವರದ್ದೇ ಸಮಯ ಬೇಕು, ಮನೆಯಲ್ಲಿ ಸಿಗದ್ದು ಅಲ್ಲಿ ಸಿಗಲಿ. ನಾಲ್ಕು, ಲ್ಯಾಪ್‌ಟಾಪಿಗೆ ಎಂದು ಊರಿನವರು, ಗಲ್ಫಿನ ಕಮಿಟಿಯವರು ದುಡ್ಡು ಕೂಡಿಸುವಾಗ ಅದರಲ್ಲಿ ಒಂದು ಪಾಲು ಶಾಲೆಯ ಲೈಬ್ರರಿಗೆ ಹೋಗಬೇಕು, ಕನ್ನಡ ಪುಸ್ತಕಕ್ಕೆ, ಬ್ಯಾರಿ ಪುಸ್ತಕಕ್ಕೆ.

ಲ್ಯಾಪ್‌ಟಾಪ್ ಕೊಡುವ ದೊಡ್ಡಮನಸ್ಸಿನವರಿಗೆ ನನ್ನ ಸಲಾಂ. ಕೊಡಿ, ಧಾರಾಳ ಕೊಡಿ. ಆದರೆ ಕೊಡುವ ಕೈ ಮಗುವಿನ ಬ್ಯಾಗಿನಿಂದ ಪುಸ್ತಕ ತೆಗೆಯುವ ಕೈ ಆಗಬಾರದು. 2017ರಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗೆ ಇಳಿದರು. ಕಾನೂನು ಕಣ್ಣಿಗೆ ಕಾಣುತ್ತದೆ, ಅದರ ಎದುರು ಘೋಷಣೆ ಕೂಗಬಹುದು. ತಡವಾಗಿ ಬರುವ ಪುಸ್ತಕ, ಆಮೇಲೆ ಬಾರದ ಪುಸ್ತಕ ಕಣ್ಣಿಗೆ ಕಾಣುವುದಿಲ್ಲ. ಅದರ ಎದುರು ಮೆರವಣಿಗೆ ಹೊರಡುವುದಿಲ್ಲ. ಅದನ್ನು ತಡೆಯಬೇಕಾದವರು ಜೂನ್ ಮೊದಲ ವಾರದಲ್ಲಿ ಮಗುವಿನ ಬ್ಯಾಗು ತೆರೆದು ನೋಡುವ ಉಮ್ಮ ಉಪ್ಪ ಮಾತ್ರ.